ಮಾವ್ಶಿಯ ಆಕ್ಸಿಡೆಂಟುಗಳು

ನಮ್ಮ ಮಾವ್ಶಿಗೆ ತಲೆ ಕೆಟ್ಟಿದೆ ಎಂದು ಫಳ್ನೀರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಲಿಫ್ಟಿನಲ್ಲಿ ಸಿಕ್ಕಿದಾಗ "ಆಂಟಿ ಹೇಗಿದ್ದಾರೆ?" ಎಂದು ಕೇಳುತ್ತಾರೆ, ಅಷ್ಟೆ. ಆ 'ಹೇಗಿದ್ದಾರೆ'ಯನ್ನು ಎಳೆಯುವ ಉದ್ದದಲ್ಲಿಯೇ ಉಳಿದದ್ದೆಲ್ಲ ಬಂದುಬಿಡುತ್ತದೆ. ಅರವತ್ತು ದಾಟಿದ ಮೇಲೆ, ಮೊಣಕಾಲು ನೋವು ಇಟ್ಟುಕೊಂಡು, ಮನೆಯಲ್ಲಿ ಗಂಡ ಆ ಸ್ಥಿತಿಯಲ್ಲಿರುವಾಗ, ಯಾರಾದರೂ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿ ಗ್ರೀಕರ ತತ್ವಶಾಸ್ತ್ರ ಓದುತ್ತಾರೆಯೇ? ಮಾವ್ಶಿ ಓದುತ್ತಾರೆ. ನಮ್ಮ ಕೊಂಕಣಿಯಲ್ಲಿ ಮಾವ್ಶಿ ಎಂದರೆ ತಾಯಿಯ ತಂಗಿ. ಅಂದರೆ ಈ ತಲೆಯಲ್ಲಿ ನನಗೂ ಸ್ವಲ್ಪ ಪಾಲಿದೆ.

'ಆ ಸ್ಥಿತಿ' ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮಾವ್ಶಿಯ ಗಂಡ, ನನ್ನ ಬಾಪ್ಪು, ಪಣಂಬೂರಿನ ಬಂದರಿನಲ್ಲಿ ದುಡಿದು ನಿವೃತ್ತರಾದವರು. ಮಾವ್ಶಿ ಇಲ್ಲಿಯೇ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಬಾಪ್ಪು ಪ್ರತಿ ಸಂಜೆ ರಸ್ತೆ ದಾಟಿ ಬೇಕರಿಯಿಂದ ಬ್ರೆಡ್ಡು ತರುತ್ತಿದ್ದರು. ಹೊರಗಿನ ಗಟ್ಟಿ ಅಂಚು ಅವರಿಗೆ, ಒಳಗಿನ ಮೆದು ಭಾಗ ಮಾವ್ಶಿಗೆ. ಮಾವ್ಶಿಯ ದವಡೆ ಹಲ್ಲುಗಳು ಮದುವೆಗೆ ಮೊದಲೇ ಹಾಳಾಗಿದ್ದವು. "ಹಲ್ಲು ನೋಡದೆ ಮದುವೆ ಆದೆ, ಅನುಭವಿಸುತ್ತಾ ಇದ್ದೇನೆ" ಎಂದು ಬಾಪ್ಪು ಅಂಚು ಅಗಿಯುತ್ತಾ ಹೇಳುತ್ತಿದ್ದರು.

ನಾನು ವಾಹನ ವಿಮೆಯ ಸರ್ವೇಯರ್. ಜಜ್ಜಿದ ಗಾಡಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಯಾವಾಗಲೂ ಎಲ್ಲ ಆದ ಮೇಲೆ ಹೋಗುವವನು. ಆಗುವುದನ್ನು ಕಣ್ಣಾರೆ ನೋಡಿದ್ದು ಅದೊಂದೇ ಸಲ. ನಾನು ಗೇಟಿನ ಬಳಿ ನಿಂತಿದ್ದೆ. ಬಾಪ್ಪು ಎದುರಿನಿಂದ ಬರುತ್ತಿದ್ದರು, ನನ್ನನ್ನು ಕಂಡು ಕೈ ಎತ್ತಿದರು. ಅವರಿಗೆ ಬಡಿದ ಸ್ಕೂಟರ್ ಜೋರಾಗಿಯೂ ಇರಲಿಲ್ಲ. ಅವರು ಬಿದ್ದರು. ಕಾಗದದಲ್ಲಿ ಸುತ್ತಿದ ಬ್ರೆಡ್ಡು ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಬ್ರೆಡ್ಡಿಗೆ ಏನೂ ಆಗಿರಲಿಲ್ಲ.

ತಲೆಯ ಗಾಯ ಮಾಯಿತು. ಆದರೆ ಗಾಲಿಕುರ್ಚಿಯಲ್ಲಿ ಮನೆಗೆ ಬಂದ ಬಾಪ್ಪುವಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಮಾವ್ಶಿ ಯಾರೆಂದೂ ಗೊತ್ತಿರಲಿಲ್ಲ. ಔಷಧ ಕೊಡುತ್ತಾರೆ, ಬೆನ್ನು ಒರಸುತ್ತಾರೆ, ಆದ್ದರಿಂದ ನರ್ಸ್ ಇರಬೇಕು ಎಂದು ತೀರ್ಮಾನಿಸಿ 'ಸಿಸ್ಟರ್' ಎಂದು ಕರೆಯತೊಡಗಿದರು. "ಜೀವಮಾನವಿಡೀ ಎಲ್ಲರೂ ಹಾಗೆಯೇ ಕರೆದದ್ದು. ಇವರೊಬ್ಬರು ಬಾಕಿ ಇದ್ದರು" ಎಂದರು ಮಾವ್ಶಿ. ಆಮೇಲೆ ನಮ್ಮ ಮನೆಗೆ ಬ್ರೆಡ್ಡು ಬರಲಿಲ್ಲ.

ಇದರ ಮರುವರ್ಷವೇ ಮಾವ್ಶಿ ತರಗತಿಗೆ ಸೇರಿದ್ದು. ಪಾಠ ಹೇಳುವವರು ಒಬ್ಬ ಪಾದ್ರಿ. "ಈ ವಯಸ್ಸಿನಲ್ಲಿ ಎಂತಕ್ಕೆ ಬಾಯಿ?" ಎಂದು ಅವರು ಸಂದರ್ಶನದಲ್ಲಿ ಕೇಳಿದರಂತೆ. ಬಾಯಿ ಎಂದರೆ ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. "ಎಂತಕ್ಕೆ ಅಂತ ತಿಳಿಯಲಿಕ್ಕೇ ಫಾದರ್" ಎಂದರಂತೆ ಮಾವ್ಶಿ. ಸೀಟು ಸಿಕ್ಕಿತು. ಸಂಜೆ ಅವರು ಬಸ್ಸು ಹತ್ತಿದರೆ ಬಾಪ್ಪುವಿನ ಪಕ್ಕ ಕೂರುವುದು ನಾನು. ದಿನವಿಡೀ ಮುರಿದ ಬಂಪರುಗಳನ್ನು ನೋಡಿ ಬಂದವನಿಗೆ ಇನ್ನೇನು ಬೇಕು?

ಮಾವ್ಶಿ ತತ್ವಜ್ಞಾನಿಗಳನ್ನು ಹೆಸರಿನಿಂದ ಕರೆಯುವುದಿಲ್ಲ. ಮೂಲದ ಗ್ರೀಕನು 'ಅಜ್ಜ'. ಎಷ್ಟೋ ಶತಮಾನಗಳ ನಂತರ ಆ ಅಜ್ಜನ ವಿಚಾರಗಳನ್ನು ಹಿಡಿದು ನಮ್ಮ ಕ್ರೈಸ್ತ ಧರ್ಮಶಾಸ್ತ್ರ ಕಟ್ಟಿದ ಪಂಡಿತ 'ಸಂತರು'. "ಅಡಿಪಾಯ ಅಜ್ಜನದ್ದು, ಮೇಲಿನ ಮಾಡು ಸಂತರದ್ದು. ಸಂತರಿಗೆ ಪದವಿ ಸಿಕ್ಕಿತು. ಪಾಪ, ಅಜ್ಜನಿಗೆ ಎಂತ ಸಿಕ್ಕಿತು? ಬ್ಯಾಪ್ಟಿಸಮ್ ಕೂಡ ಆಗಿಲ್ಲ" ಎಂದು ಅವರಿಗೆ ಚಿಂತೆ ಹತ್ತಿತು.

ಚಿಂತೆ ಹತ್ತಿದರೆ ಸುಮ್ಮನಿರುವವರಲ್ಲ. ನಮ್ಮಲ್ಲಿ ತೀರಿಕೊಂಡವರ ಹೆಸರಿನಲ್ಲಿ ಪೂಜೆ ಹೇಳಿಸುವ ಕ್ರಮ ಇದೆ. ನೇರ ಚರ್ಚಿನ ಆಫೀಸಿಗೆ ಹೋದರು. ಜೊತೆಗೆ ನಾನೂ ಇದ್ದೆ, ಇದು ಕಟ್ಟುಕತೆಯಲ್ಲ.

"ತೀರಿಕೊಂಡವರು ಯಾರು ಬಾಯಿ?" ಎಂದರು ಗುಮಾಸ್ತರು.

"ನಮ್ಮ ಅಜ್ಜ."

"ಯಾವ ವಾಡೊ?" ವಾಡೊ ಎಂದರೆ ಚರ್ಚಿಗೆ ಸೇರಿದ ಮನೆಗಳ ಒಂದು ಗುಂಪು, ನಮ್ಮ ವಿಳಾಸವೇ ಅದು.

"ಇಲ್ಲಿಯವರಲ್ಲ. ಗ್ರೀಸ್."

ಗುಮಾಸ್ತರು ಪೆನ್ನು ತಡೆದರು. "ಅದು ಕುವೈಟಿನ ಆಚೆಯಾ?"

"ಸ್ವಲ್ಪ ಆಚೆ."

"ಗಲ್ಫಿನಲ್ಲಿ ತೀರಿಕೊಂಡರೆ ತರುವುದು ಬಹಳ ಕಷ್ಟ ಬಾಯಿ. ಬಾಡಿ ಬಂತಾ?"

"ಪುಸ್ತಕ ಮಾತ್ರ ಬಂದದ್ದು."

ಭಾನುವಾರ 'ವಿದೇಶದಲ್ಲಿ ನಿಧನರಾದ ಅಜ್ಜನವರ ಆತ್ಮಶಾಂತಿಗಾಗಿ' ಎಂದು ಮೈಕಿನಲ್ಲಿ ಓದಿದರು. ಪೂಜೆ ಮುಗಿದ ಮೇಲೆ ಜನ ಸಾಲಾಗಿ ಬಂದು ಮಾವ್ಶಿಯ ಕೈ ಹಿಡಿದರು. "ತುಂಬ ವಯಸ್ಸಾಗಿತ್ತಾ?" ಎಂದು ಒಬ್ಬರು ಕೇಳಿದರು. "ತುಂಬ" ಎಂದು ಮಾವ್ಶಿ ಕಣ್ಣು ಒರಸಿಕೊಂಡರು. ಆ ಕಣ್ಣೀರು ನಿಜದ್ದಾಗಿತ್ತು. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಇನ್ನೊಂದು ಸಂಜೆ ಕೆಳಗಿನ ಮನೆಯ ಶೆಟ್ಟಿಯಮ್ಮ ಬಾಪ್ಪುವನ್ನು ನೋಡಲು ಬಂದಿದ್ದರು. ಮಾವ್ಶಿಯ ಫೋನು ಬಂತು. ನಾನು ಬಾಪ್ಪುವಿಗೆ ಗಂಜಿ ಕುಡಿಸುತ್ತಿದ್ದೆ, ಸ್ಪೀಕರ್ ಒತ್ತಿದೆ.

"ಪುತಾ, ಇವತ್ತು ಕ್ಲಾಸಲ್ಲಿ ಪೂರಾ ಆಕ್ಸಿಡೆಂಟ್. ನನ್ನ ತಲೆ ಒಡೆದು ಹೋಯ್ತು. ಒಟ್ಟು ಒಂಬತ್ತು ಉಂಟು ಮಾರಾಯ."

"ಒಂಬತ್ತು ಜನವಾ? ದೇವರೇ, ಬಸ್ಸಾ?" ಶೆಟ್ಟಿಯಮ್ಮ ಎದ್ದು ನಿಂತರು. "ಎಲ್ಲಿ ಆದದ್ದು ಮಾರಾಯ್ರೆ?"

"ಬೋರ್ಡಲ್ಲಿ. ನಾನು ಎಲ್ಲ ಬರ್ಕೊಂಡು ಬಂದಿದ್ದೇನೆ."

ಶೆಟ್ಟಿಯಮ್ಮನಿಗೆ ಸಮಾಧಾನ ಮಾಡಿ ಕಳಿಸಲು ಬಹಳ ಹೊತ್ತು ಬೇಕಾಯಿತು. ನನ್ನ ಚಮಚದ ಗಂಜಿ ಬಾಪ್ಪುವಿನ ಅಂಗಿಯ ಮೇಲೆ ಚೆಲ್ಲಿತ್ತು. ಆಕ್ಸಿಡೆಂಟ್ ಎಂಬ ಶಬ್ದ ಕೇಳಿದರೆ ನನಗೆ ಈಗಲೂ ಹಾಗಾಗುತ್ತದೆ, ದಿನಾ ಅದನ್ನೇ ಬರೆದು ಸಂಬಳ ತೆಗೆದುಕೊಳ್ಳುವವನಾದರೂ.

ಮನೆಗೆ ಬಂದ ಮಾವ್ಶಿ ವಿವರಿಸಿದರು. ಒಂದು ವಸ್ತುವಿನ ಬಣ್ಣ, ಅಳತೆ, ರುಚಿ, ಇರುವ ಜಾಗ, ಇವೆಲ್ಲ ಅಜ್ಜನ ಲೆಕ್ಕದಲ್ಲಿ ಆಕ್ಸಿಡೆಂಟುಗಳು, ಒಟ್ಟು ಒಂಬತ್ತು ಬಗೆ. ಇವು ಬಂದರೂ ಹೋದರೂ ವಸ್ತು ಅದೇ ಆಗಿ ಉಳಿಯುತ್ತದೆ. ಹಾಗೆ ಉಳಿಯುವುದಕ್ಕೆ ಸಬ್‌ಸ್ಟೆನ್ಸ್ ಎಂದು ಹೆಸರು. "ಕನ್ನಡದಲ್ಲಿ ಎಂತ ಹೇಳ್ತಾರೆ ಪುತಾ?" ಎಂದು ಕೇಳಿದರು. ಪಂಡಿತರು ಏನೆನ್ನುತ್ತಾರೋ ತಿಳಿಯದು, ನನಗೆ ತೋಚಿದ್ದು 'ತಿರುಳು'. ಮಾವ್ಶಿಗೆ ಹಿಡಿಸಿತು. ಸಂತರು ಇದನ್ನೇ ಹಿಡಿದು ಬಲಿಪೂಜೆಯ ರೊಟ್ಟಿಯ ಬಗ್ಗೆ ಬರೆದಿದ್ದಾರೆ ಎಂದರು. ಚರ್ಚಿನಲ್ಲಿ ಪಾದ್ರಿಗಳು ಎತ್ತಿ ಹಿಡಿದ ರೊಟ್ಟಿಯ ಬಣ್ಣ, ರುಚಿ, ಆಕಾರ ಎಲ್ಲ ಹಾಗೆಯೇ ಇರುತ್ತದೆ. ತಿರುಳು ಮಾತ್ರ ಬದಲಾಗಿ ಕ್ರಿಸ್ತನ ದೇಹವಾಗುತ್ತದೆ.

ಇಷ್ಟು ಹೇಳಿ ಅವರು ಮಲಗಿದ್ದ ಬಾಪ್ಪುವಿನ ಕಡೆ ನೋಡಿದರು. ಅವರು ಎಂತಕ್ಕೆ ತರಗತಿಗೆ ಸೇರಿದ್ದಾರೆಂದು ನನಗೆ ಆಗ ಅರ್ಥವಾಯಿತು.

ಮುಂದಿನ ತರಗತಿಯಲ್ಲಿ ಕೇಳಿಯೇಬಿಟ್ಟರಂತೆ. "ಫಾದರ್, ನಮ್ಮ ಮನೆಯವರ ಮೂಗು ಅದೇ, ಬಣ್ಣ ಅದೇ, ಗೊರಕೆಯೂ ಅದೇ. ಆಕ್ಸಿಡೆಂಟುಗಳೆಲ್ಲ ಸರಿ ಉಂಟು. ತಿರುಳು ಅದೇ ಅಂತ ಗೊತ್ತಾಗುವುದು ಹೇಗೆ?"

ಪಾದ್ರಿಗಳು ಚಾಕ್ ಕೆಳಗಿಟ್ಟು, "ನೆನಪೂ ಆಕ್ಸಿಡೆಂಟೇ ಬಾಯಿ. ಅದು ಹೋದರೂ ತಿರುಳು ಹೋಗುವುದಿಲ್ಲ ಅಂತ ಸಂತರು ಹೇಳುತ್ತಾರೆ" ಎಂದರು.

"ಸಂತರು ಹೇಳ್ತಾರೆ. ಇವರು ಹೇಳುವುದಿಲ್ಲವಲ್ಲ. ಹಾಗಾದರೆ ನಾನು ಮದುವೆ ಆದದ್ದು ಯಾವುದನ್ನು? ತಿರುಳನ್ನೋ, ಆಕ್ಸಿಡೆಂಟನ್ನೋ?"

"ಮದುವೆ ಅಂದ್ರೇ ಆಕ್ಸಿಡೆಂಟ್ ಆಂಟಿ" ಎಂದನಂತೆ ಹಿಂದಿನ ಬೆಂಚಿನ ಹುಡುಗ. ತರಗತಿಯೆಲ್ಲ ನಕ್ಕಿತು. ಮಾವ್ಶಿಯೂ ನಕ್ಕರಂತೆ.

ಅವರಿಗೆ ಉತ್ತರ ಬೇಗ ಬೇಕಿತ್ತು. ಅವರು ದಣಿದಿದ್ದರು, ನಾನೂ ದಣಿದಿದ್ದೆ. ಬಾಪ್ಪುವನ್ನು ಎತ್ತಿ ಕೂರಿಸಿ ಮಾವ್ಶಿಯ ಬೆನ್ನು ಹೋಗಿತ್ತು. "ಬಜಪೆಯ ಹತ್ತಿರ ಒಳ್ಳೆಯ ಆರೈಕೆ ಮನೆ ಉಂಟು. ಅವರಿಗೆ ಯಾರು ನೋಡಿಕೊಂಡರೂ ಒಂದೇ ಅಲ್ವಾ?" ಎಂದಿದ್ದರು ಡಾಕ್ಟರು. ನಾನು ಹೋಗಿ ನೋಡಿ ಬಂದೆ. ಕಿಟಕಿಯಿಂದ ವಿಮಾನ ಕಾಣುವ ಕೋಣೆ. ನಮಗಾಗಿ ಹಿಡಿದಿಟ್ಟಿದ್ದರು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದರು ಮಾವ್ಶಿ. ಯಾರು ನೋಡಿಕೊಂಡರೂ ಒಂದೇ ಎಂಬುದು ನಿಜವೇ? ನಿಜವಾದರೆ ಕಳಿಸಬಹುದು. ಅವರಿಗೆ ಬೇಕಿದ್ದ ಉತ್ತರ ಇಷ್ಟೇ.

ಪರೀಕ್ಷೆಯ ಮುನ್ನಾದಿನ ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಮೇಜಿನ ಮೇಲೆ ಬ್ರೆಡ್ಡು ಇತ್ತು. ಬಾಗಿಲಲ್ಲೇ ನಿಂತೆ.

"ಹೆದರಬೇಡ, ತಿನ್ನಲಿಕ್ಕಲ್ಲ. ಓದಲಿಕ್ಕೆ" ಎಂದರು ಮಾವ್ಶಿ. ಬ್ರೆಡ್ಡಿನ ಮುಂದೆ ಕುಳಿತು ಬೆರಳು ಮಡಚುತ್ತಾ ಬಾಯಿಪಾಠ ಮಾಡುತ್ತಿದ್ದರು. "ಬಣ್ಣ, ಕಂದು. ಜಾಗ, ಮೇಜಿನ ಮೇಲೆ. ಭಂಗಿ..." ಬ್ರೆಡ್ಡು ಕುಳಿತಿದೆಯೋ ಮಲಗಿದೆಯೋ ಎಂದು ನನ್ನನ್ನು ಕೇಳಿದರು. ಮಲಗಿದೆ ಎಂದೆ. ನಾನು ಈ ಮನೆಯಲ್ಲಿ ಇಂಥದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ.

ಪಕ್ಕದ ಗಾಲಿಕುರ್ಚಿಯಲ್ಲಿದ್ದ ಬಾಪ್ಪು ಕೈ ಚಾಚಿ ಬ್ರೆಡ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. ನಾವು ತಡೆಯಲಿಲ್ಲ. ನಿಧಾನಕ್ಕೆ ಅದನ್ನು ಮುರಿದರು. ಗಟ್ಟಿ ಅಂಚನ್ನು ಬಿಡಿಸಿ ತನ್ನ ಬಾಯಿಗೆ ಇಟ್ಟುಕೊಂಡರು. ಉಳಿದ ತಿರುಳನ್ನು ಅಂಗೈಯಲ್ಲಿಟ್ಟು ಮಾವ್ಶಿಯ ಕಡೆ ಹಿಡಿದರು.

"ಸಿಸ್ಟರ್, ಇದನ್ನು ನನ್ನ ಹೆಂಡತಿಗೆ ತೆಗೆದಿಡ್ತೀರಾ? ಅವಳಿಗೆ ಗಟ್ಟಿದು ಆಗುವುದಿಲ್ಲ. ಡ್ಯೂಟಿಯಿಂದ ಬರುವಾಗ ಹಸಿವಾಗಿರ್ತದೆ."

ಮಾವ್ಶಿ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. "ಆಯ್ತು. ಬಂದ ಕೂಡಲೇ ಕೊಡ್ತೇನೆ" ಎಂದು ಎದ್ದು ಅಡಿಗೆಮನೆಗೆ ಹೋದರು.

ನಾನು ಹಿಂದೆಯೇ ಹೋದೆ. ಸಿಂಕಿನ ಕಡೆ ಮುಖ ಮಾಡಿ ನಿಂತು, ಸ್ವಲ್ಪ ಸ್ವಲ್ಪವೇ ಮುರಿದು, ಅವರು ತಿನ್ನುತ್ತಿದ್ದರು. ಪೂರ್ತಿ ತಿಂದ ಮೇಲೆ ಸೆರಗಿನಿಂದ ಬಾಯಿ ಒರಸಿಕೊಂಡರು.

"ಬಜಪೆಗೆ ಫೋನ್ ಮಾಡು ಪುತಾ. ಕೋಣೆ ಬೇಡ ಅಂತ ಹೇಳು."

"ಎಂತಕ್ಕೆ ಅಂತ ಕೇಳಿದರೆ?"

"ಹೆಂಡತಿ ಡ್ಯೂಟಿಯಿಂದ ಬಂದಳು ಅಂತ ಹೇಳು."