ಬಂಟ್ಯಾ ಸಾಯಬೇಕಂದ್ರ ಸಾಯಬೇಕು

ಮೊದಲ ಒಂದು ಮಾತು ಕೇಳ್ರಿ. ಹೋದ ಸಲ ನಾ ಕಳಿಸಿದ್ದು ಕೇಳಿ ಗ್ರೂಪಿನ್ಯಾಗ ಯಾರೋ ಬರದಾರ, "ಕಾಕಾಗ ಈಗೀಗ ನೆನಪು ಕಲಸಾಕತ್ತೈತಿ" ಅಂತ. ಬರದವ ಯಾರು ಅಂತನೂ ನನಗ ಗೊತ್ತೈತಿ. ತಲಿಮ್ಯಾಲೆ ಚಷ್ಮಾ ಇಟ್ಕೊಂಡು ಮನಿ ತುಂಬ ಚಷ್ಮಾ ಹುಡುಕೋ ಮನಷ್ಯಾ ನನ್ನ ನೆನಪಿಗೆ ಮಾರ್ಕ್ಸ್ ಹಾಕಾಕತ್ತಾನ. ಅವತ್ತು ತೆಲುಗು ನಾಡಿನ ಕುಷಾಯಿಗೂಡದ ಆ ಅಪಾರ್ಟ್‌ಮೆಂಟಿನ್ಯಾಗ ಯಾರ ಮನ್ಯಾಗ ಯಾವ ಪಲ್ಲ್ಯಾ ಮಾಡಿದ್ರು ಅನ್ನೋದು ಸೈತ ಹೇಳತೀನಿ ನಾ. ಸುಮ್ಮ ಕೇಳ್ರಿ, ನಡುವ ಬಾಯಿ ಹಾಕಬ್ಯಾಡ್ರಿ. ವಾಯ್ಸ್ ನೋಟಿನ್ಯಾಗ ಬಾಯಿ ಹಾಕಾಕ ಬರಂಗಿಲ್ಲ ಅನ್ರಿ, ಅದಕ್ಕ ನನಗ ಇದು ಭಾಳ ಸೇರತೈತಿ.

ಎಲ್ಲಾ ಸುರು ಆಗಿದ್ದು ಒಂದು ನಾಯಿಂದ. ಅದೂ ಕತ್ಯಾಗಿನ ನಾಯಿ, ಸತ್ತ ನಾಯಿ.

ಚಂದ್ರಕಾಂತ ಅಂತ ಒಬ್ಬವ. ಗಂಗಾವತಿ ಕಡೆಯವ. ಮೂವತ್ತೊಂದು ವರ್ಷ ಕಾರ್ಖಾನಿಯೊಳಗ ಮಾಲು ಪರೀಕ್ಷಾ ಮಾಡೋ ಸೆಕ್ಷನ್ನಿನ್ಯಾಗ ಇದ್ದ. ಒಮ್ಮೆ ಅವ ರಿಜೆಕ್ಟ್ ಅಂತ ಕೆಂಪು ಚೀಟಿ ಹಚ್ಚಿದ್ರ ಮುಗೀತು, ಮ್ಯಾಲಿನ ಸಾಹೇಬರು ಬಂದು ಚಹಾ ಕುಡಿಸಿದ್ರೂ ಆ ಚೀಟಿ ಕೀಳತಿರಲಿಲ್ಲ. ರಿಟೈರ್ ಆದ ಮ್ಯಾಲೆ ಅಪಾರ್ಟ್‌ಮೆಂಟಿನ ಹಿಂದಿನ ಮೂಲ್ಯಾಗ ಖಾಲಿ ಬಿದ್ದಿದ್ದ ಹಳೇ ಜನರೇಟರ್ ರೂಮು ಕೇಳಿ ಇಸ್ಕೊಂಡ. ಸುಣ್ಣ ಹಚ್ಚಿಸಿದ, ಎರಡು ಕಪಾಟ ಕನ್ನಡ ಪುಸ್ತಕ ಇಟ್ಟ, ಬಾಗಲಕ್ಕ ಅಂಗೈಯಷ್ಟು ಹಿತ್ತಾಳಿ ಕೀಲಿ ಜಡದ. ಐತವಾರಕ್ಕೊಮ್ಮೆ ಕೀಲಿ ತಗದು, ಕನ್ನಡ ಮನಿ ಹುಡುಗ್ರನ್ನ ಹನ್ನೊಂದು ಮಂದೀನ ಕೂಡಿಸಿ ಓದಸತಿದ್ದ. ಆ ಹುಡುಗ್ರಿಗೆ ಸಾಲ್ಯಾಗ ತೆಲುಗು, ಆಟದಾಗ ಹಿಂದಿ. ಕನ್ನಡ ಅಂದ್ರ ಮನ್ಯಾಗ ಬೈಸಿಕೊಳ್ಳೋ ಭಾಷಾ ಅಷ್ಟ.

ಕತಿ ಅವನ ಸ್ವಂತ. ಕೈಲೆ ಬರದು ಝೆರಾಕ್ಸ್ ಮಾಡಿಸಿ ಹಂಚತಿದ್ದ. ಎಲ್ಲಾ ಕತ್ಯಾಗೂ ಒಂದು ಪ್ರಾಣಿ ಸಾಯತಿತ್ತು. ಒಂದು ವಾರ ಎಮ್ಮಿ, ಒಂದು ವಾರ ಗಿಳಿ. ಯಾಕ ಅಂತ ಕೇಳಿದ್ರ, "ನಗೋ ಕತಿ ಕೇಳಿದ ಹುಡುಗ ಆಟಕ್ಕ ಓಡತಾನ. ಅಳೋ ಕತಿ ಓದಿದವ ಹಾಳಿ ಹಿಂದ ತಿರುವಿ ಮತ್ತೊಮ್ಮೆ ಓದತಾನ, ಎಲ್ಯಾರ ಬದುಕೇತೇನು ಅಂತ ನೋಡಾಕ. ಕನ್ನಡ ಎರಡು ಸಲ ಓದಿದಂಗಾತಿಲ್ಲ?" ಅಂತಿದ್ದ. ಏನು ಲೆಕ್ಕ ನೋಡ್ರಿ.

ಹಿಂದಿನ ಐತವಾರ ಬಂಟ್ಯಾನ ಕತಿ ಓದಿಸಿದ್ದ. ಬಂಟ್ಯಾ ಅಂದ್ರ ಶೇಂಗಾ ಎಣ್ಣಿ ಗಾಣ ಕಾಯೋ ನಾಯಿ. ಒಂಬತ್ತು ವರ್ಷ ಕಾದೈತಿ. ವಯಸ್ಸಾತು. ಗಾಣದ ಮಾಲಕ ಪ್ಯಾಟಿಂದ ದೊಡ್ಡ ಕೀಲಿ ತಂದ. ಇನ್ನ ನಾಯಿ ಯಾಕ ಅಂತ ಅದನ್ನ ಹೊರಗ ಹಾಕಿ, ಬಾಗಲಕ್ಕ ಕೀಲಿ ಬಡದು ಹೋದ. ಬಂಟ್ಯಾ ಬಾಗಲ ಬಿಟ್ಟು ಹೋಗಲಿಲ್ಲ. ಮೂರು ದಿನ ಮಳ್ಯಾಗ ಕುಂತು ಆ ಕೀಲೀನ ಕಾದು ಅಲ್ಲೇ ಸತ್ತಿತು. ಇಷ್ಟ ಕತಿ.

ಈಗ ಈ ಐತವಾರಕ್ಕ ಬರ್ರಿ. ಮುಂಜಾನೆ ಏಳಕ್ಕ ಬೆಲ್ ಬಾರಿಸ್ತು. ಚಂದ್ರಕಾಂತ ಹಲ್ಲುಜ್ಜಾಕತ್ತಿದ್ದ. ಬಾಗಲದಾಗ ಪಾರ್ವತಿಬಾಯಿ. ಅಸೋಸಿಯೇಶನ್ ಸೆಕ್ರೆಟರಿ ರಾಮಕೃಷ್ಣನ ತಾಯಿ. ಕೈಯಾಗ ಖಾಲಿ ಹಾಲಿನ ಲೋಟ, ಕೋರ್ಟಿನ್ಯಾಗ ಸಾಕ್ಷಿ ಹಿಡದಂಗ.

"ನೋಡ್ರಿ ಚಂದ್ರಕಾಂತರಾವ್ರ."

"ಖಾಲಿ ಐತಲ್ರಿ."

"ಖಾಲಿ ಐತಿ, ಆದ್ರ ನಮ್ಮ ಪೂರ್ವಿ ತುಟಿಮ್ಯಾಲೆ ಹಾಲಿನ ಮೀಸಿ ಇಲ್ಲ. ಎಂಟು ವರ್ಷದಾಗ ಆ ಹುಡುಗಿ ಮೀಸಿ ಬರದಂಗ ಹಾಲು ಕುಡದಿಲ್ಲ. ಎಲ್ಲೋ ಚೆಲ್ಲಾಕತ್ತಾಳ. ಚಪಾತಿ ಹಿಡ್ಕೊಂಡು ಹೊರಗ ಕುಂತು ತಿಂತೀನಿ ಅಂತ ಹೋಗತಾಳ, ಬರೇ ಕೈಲೆ ಬರತಾಳ, ಹೊಟ್ಟಿ ಮಾತ್ರ ಬೆನ್ನಿಗೆ ಹತ್ತೈತಿ. ನಿಮ್ಮ ನಾಯಿ ಸತ್ತ ದಿನದಿಂದ ಹಿಂಗ."

"ನನ್ನ ನಾಯಿ ಅಲ್ರಿ, ಕತ್ಯಾಗಿನ ನಾಯಿ."

"ಯಾರದರ ಇರಲಿ. ಸೂತಕ ನಮ್ಮ ಮನ್ಯಾಗ ನಡದೈತಿ."

ಅಷ್ಟೊತ್ತಿಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಕುದಿಯಾಕತ್ತಿತ್ತು. ಕನ್ನಡ ಕ್ಲಾಸಿನ ಹುಡುಗ ಪ್ರಜ್ವಲಂದೂ ಹಿಂಗ ಅಂತ, ಕುದಿಸಿದ ತತ್ತಿ ತಾಟಿನ್ಯಾಗ ಇದ್ದದ್ದು ಕಣ್ಣು ಮಿಟುಕಿಸೋದ್ರಾಗ ಮಾಯ, ಹುಡುಗ ಹಸದ ಕುಂತಾನ. ಮೂರನೇ ಫ್ಲೋರಿನ ಅವಳಿ ಹುಡುಗ್ರು ಟಿಫಿನ್ ಡಬ್ಬಿ ನೆಕ್ಕಿದಂಗ ತರತಾವ, ಬಂದ ಕೂಡಲೆ ಅನ್ನ ಅನ್ನ ಅಂತಾವ. ಎಲ್ಲಾರೂ ಸೇರಿ ಒಂದ ಮಾತಿಗೆ ಬಂದ್ರು. ದುಃಖ. ಹುಡುಗ್ರಿಗೆ ದುಃಖ ಅಂಟೈತಿ, ಕಣ್ಣು ಬ್ಯಾನಿ ಅಂಟಿದಂಗ.

ಎಂಟಕ್ಕ ರಾಮಕೃಷ್ಣ ತಾನ ಇಳದು ಬಂದ. ಮೆತ್ತನ್ನ ಮನಷ್ಯಾ, ಮಾತು ಮಾತ್ರ ಸರ್ಕ್ಯುಲರ್ ಓದಿದಂಗ.

"ಕಾಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಸಂಜಿ ಐದಕ್ಕ ಎಲ್ಲಾ ಮನಿಯವರು ಕೂಡತೀವಿ. ಅವರ ಮುಂದ ಅದ ಕತಿ ಮತ್ತೊಮ್ಮೆ ಹೇಳ್ರಿ. ನಾಯಿ ಬದುಕಿಸಿ ಹೇಳ್ರಿ. ಹುಡುಗ್ರಿಗೆ ಸಮಾಧಾನ ಆಗತೈತಿ."

"ಬದುಕಿಸಲಿಲ್ಲಂದ್ರ?"

"ರೂಮಿನ ಕೀಲಿಕೈ ಕೊಟ್ಟುಬಿಡ್ರಿ. ಜುಂಬಾ ಡ್ಯಾನ್ಸ್ ಕ್ಲಾಸಿನವರು ಎರಡು ತಿಂಗಳಿಂದ ಕೇಳಾಕತ್ತಾರ."

ಚಂದ್ರಕಾಂತಗ ಆ ರೂಮು ಬಿಟ್ರ ಬ್ಯಾರೆ ಏನಿತ್ತು ಹೇಳ್ರಿ. ಹನ್ನೊಂದು ಹುಡುಗ್ರು ಕೂಡಿ 'ಅಜ್ಜಾರ' ಅನ್ನೋ ಒಂದು ತಾಸಿನ ಸಲುವಾಗಿ ಉಳದ ಆರು ದಿನ ಕಳೀತಿದ್ದ. ಆದ್ರೂ ಬಾಯಿಂದ ಬಂದಿದ್ದು ಏನು?

"ಬಂಟ್ಯಾ ಸಾಯಬೇಕಂದ್ರ ಸಾಯಬೇಕು."

ಒಳಗ ಹೆಂಡತಿ ನಳಿನಿ ಬದನಿಕಾಯಿ ಸೀಳಾಕತ್ತಿದ್ಲು. ಎಣಗಾಯಿ ಅವತ್ತು, ಬರಕೋರಿ ಬೇಕಾದ್ರ. "ರೀ, ಒಂದು ನಾಯಿ ಬದುಕಿಸ್ರಿ. ಏನು ನಿಮ್ಮ ಆಸ್ತಿ ಕರಗತೈತೇನು?"

"ಬದುಕಿಸಿದ್ರ ಆಮ್ಯಾಲೆ ಅದು ಏನು ಮಾಡಬೇಕು?"

"ಉಂಡು ಮಲಗತೈತಿ."

"ಅದು ಕತಿ ಅಲ್ಲ, ನಿಮ್ಮ ತಮ್ಮನ ದಿನಚರಿ."

ನಳಿನಿ ಬದನಿಕಾಯಿಗೆ ಹಾಕೋ ಖಾರ ಒಂದು ಚಮಚ ಹೆಚ್ಚಿಗಿ ಹಾಕಿದ್ಲು.

ಹೊರಗ ಹೊಂಟ್ರ ಹೆಜ್ಜಿಗೊಬ್ಬರು ಸಲಹೆ. ಲಿಫ್ಟಿನ ಹತ್ರ ನಿಂತ ಮಾದಾಪುರದ ಆಫೀಸಿನ ಹುಡುಗಿ ಲಹರಿ, "ಅಂಕಲ್, ಬಂಟ್ಯಾನ್ನ ಒಬ್ಬ ಎಂಜಿನಿಯರ್ ದತ್ತು ತಗೊಂಡ ಅಂತ ಹಾಕ್ರಿ. ಫ್ಲ್ಯಾಟಿನ್ಯಾಗ ಎಸಿ, ಸೋಫಾ" ಅಂದ್ಲು. ತರಕಾರಿ ಗಾಡಿ ಹತ್ರ ಒಬ್ಬರು, "ಪೊಲೀಸರು ಆರಿಸ್ಕೊಂಡ್ರು ಅನ್ರಿ, ಪೆನ್ಶನ್ ಸೈತ ಬರತೈತಿ." ಎರಡನೇ ಫ್ಲೋರಿನ ಅಜ್ಜ ಒಬ್ಬಾತ, ನಾಯಿ ತಿರುಪತಿಗೆ ನಡಕೊಂಡು ಹೋಗಿ ಮುಕ್ತಿ ಪಡೀತು ಅಂತ ಮೂರು ಹಾಳಿ ಬರದು ತಂದಿದ್ದ. "ಮುಕ್ತಿ ಅಂದ್ರ ಸತ್ತಂಗಾತಲ್ರಿ?" ಅಂದ ಚಂದ್ರಕಾಂತ. "ಸತ್ತದ್ದ, ಆದ್ರ ಸಂತೋಷಲೆ" ಅಂದ ಆ ಅಜ್ಜ.

ಗೇಟಿನ ಹತ್ರ ಕಸ ಗುಡಿಸೋ ಯಂಕಮ್ಮ ಸಿಕ್ಲು. "ಸಾರು, ನಿಮ್ಮ ರೂಮಿನ ಮುಂದ ಒಂದು ವಾರಾತು ನಾ ಕಸಾ ಹೊಡದಿಲ್ಲ. ಹುಡುಗ್ರು ಅತ್ತ ಬರಬ್ಯಾಡ, ಗದ್ದಲ ಮಾಡಬ್ಯಾಡ ಅಂತಾವ. ತಾವ ಕಾವಲು ನಿಂದರತಾವ."

ಚಂದ್ರಕಾಂತನ ಎದಿ ತುಂಬಿ ಬಂತು. ಒಂದು ಕತಿ ಕೇಳಿ ಹುಡುಗ್ರು ಬಾಗಲದಾಗ ಮೌನ ನಿಂದರಾಕತ್ತಾವ. ಇಂಥಾ ಓದುಗರು ಯಾವ ಊರಾಗ ಸಿಗತಾರ? ಕಾಲು ಮುರದ್ರೂ ಸರಿ, ಬಂಟ್ಯಾನ್ನ ಬದುಕಿಸಂಗಿಲ್ಲ ಅಂತ ಅಲ್ಲೇ ನಿಂತು ಪಕ್ಕಾ ಮಾಡ್ಕೊಂಡ.

ಸಂಜಿ ಐದು. ಆ ಸಣ್ಣ ರೂಮಿನ್ಯಾಗ ಅಷ್ಟು ಮಂದಿ ಹಿಡಿಯಂಗಿಲ್ಲ ಅಂತ ಕೆಳಗ ಸೆಲ್ಲಾರಿನ್ಯಾಗ, ಗಾಡಿ ಸರಿಸಿ ಕುರ್ಚಿ ಹಾಕಿದ್ರು. ಮುಂದ ಹುಡುಗ್ರು ಚಾಪಿಮ್ಯಾಲೆ. ಹಿಂದ ದೊಡ್ಡವರು. ಪಾರ್ವತಿಬಾಯಿ ಥರ್ಮಾಸಿನ್ಯಾಗ ಬಿಸಿ ಹಾಲು ತಂದು ತೊಡಿಮ್ಯಾಲೆ ಇಟ್ಕೊಂಡಿದ್ರು, ಹುಡುಗಿ ಅತ್ತು ಸುಸ್ತಾದ್ರ ಇರಲಿ ಅಂತ. ಜುಂಬಾ ಟೀಚರ್ ಸ್ಪೀಕರ್ ಸಮೇತ ಬಂದು ಕಂಬಕ್ಕ ಬೆನ್ನು ಆನಿಸಿ ನಿಂತಿದ್ಲು, ಕೀಲಿಕೈ ಸಿಕ್ಕ ಕೂಡಲೆ ಕುಣಿಯೋದಕ್ಕ.

ಚಂದ್ರಕಾಂತ ಎದ್ದು ನಿಂತ. ಹೇಳಿದ. ಹೆಂಗ ಹೇಳಿದ ಅಂತೀರಿ. ಮಳಿ ಅಂದ್ರ ಆ ಸೆಲ್ಲಾರಿನ್ಯಾಗ ಚಳಿ ಹತ್ತಬೇಕು. ಬಂಟ್ಯಾ ತಲಿ ಎತ್ತಿ ಕೀಲಿ ಕಡೆ ಒಮ್ಮೆ ನೋಡಿತು, ಒಳಗಿಂದ ಗಾಣದ ಎಣ್ಣಿ ವಾಸನಿ ಬಂತು, ಇನ್ನೂ ತನ್ನ ಕೆಲಸ ಮುಗದಿಲ್ಲ ಅಂತ ಬಾಲ ಒಂದು ಸಲ ಬಡೀತು. ಎರಡನೇ ಸಲ ಬಡೀಲಿಲ್ಲ.

ಅಲ್ಲಿಗೆ ಕತಿ ಮುಗೀತು.

ಹುಡುಗ್ರ ಕಣ್ಣು ಒಣಾ ಒಣಾ. ಪೂರ್ವಿ ಅಂತೂ ಉತ್ತರ ಗೊತ್ತಿದ್ದ ಪರೀಕ್ಷಾ ಬರಿಯಾಕ ಬಂದವರಂಗ ಕುಂತಿದ್ಲು. ಹಿಂದ ಮಾತ್ರ ಸೊರ್ ಸೊರ್ ಸಪ್ಪಳ. ತಿರುಗಿ ನೋಡಿದ್ರ ಪಾರ್ವತಿಬಾಯಿ ಸೆರಗಿನ್ಯಾಗ ಮಾರಿ ಮುಚ್ಚಿದ್ರು. ತಿರುಪತಿ ಅಜ್ಜ ತನ್ನ ಮೂರು ಹಾಳೀಲೆ ಮೂಗು ಒರಸಾಕತ್ತಿದ್ದ. ಜುಂಬಾ ಟೀಚರಿಗೆ ಕನ್ನಡ ಬರಂಗಿಲ್ಲ, ಎಲ್ಲಾರೂ ಅಳೂದು ನೋಡಿ ತಾನೂ ಅಳಾಕತ್ತಿದ್ಲು. ಸೆಕ್ರೆಟರಿ ರಾಮಕೃಷ್ಣ ಹೆಲ್ಮೆಟ್ ಹಾಕ್ಕೊಂಡು ಗಾಜು ಇಳಿಸಿಬಿಟ್ಟಿದ್ದ.

"ಪೂರ್ವಿ," ಅಂದ ಚಂದ್ರಕಾಂತ, "ಅಳು ಬಂತೇನವಾ?"

"ಇಲ್ಲರಿ ಅಜ್ಜಾರ. ಅತ್ರ ಬಂಟ್ಯಾಗ ಏನು ಉಪಯೋಗ?"

ಹೆಲ್ಮೆಟ್ ಒಳಗಿಂದ ರಾಮಕೃಷ್ಣನ ದನಿ ಬಂತು. "ಕಾಕಾರ, ತಪ್ಪಾತು. ಹುಡುಗ್ರಿಗೆ ಏನೂ ಆಗಿಲ್ಲ. ಕೀಲಿಕೈ ನಿಮ್ಮ ಹತ್ರನ ಇರಲಿ. ರೂಮು ನಿಮ್ಮದ."

ಮೂವತ್ತೊಂದು ವರ್ಷದ ನೌಕರ್ಯಾಗ ಇಂಥಾ ಗೆಲುವು ಅವನಿಗೆ ಸಿಕ್ಕಿರಲಿಲ್ಲ. "ನಡೀರಿ," ಅಂದ, "ರೂಮು ತಗದು ಮುಂದಿನ ಕತಿ ಹಾಳಿ ಹಂಚತೀನಿ. ಮುಂದಿನದು ಒಂಟಿ." ಎಲ್ಲಾರೂ ಹಿಂದ ಬಂದ್ರು. ಹುಡುಗ್ರು ಮಾತ್ರ ಒಬ್ಬರ ಮಾರಿ ಒಬ್ಬರು ನೋಡ್ಕೋತ ಮುಂದ ಓಡಿ ಬಾಗಲಕ್ಕ ಅಡ್ಡ ನಿಂತ್ರು.

"ಅತ್ತ ಸರೀರಿ." ಚಂದ್ರಕಾಂತ ಕೀಲಿಕೈ ಹಾಕಿ ತಿರುವಿದ, ಹಿತ್ತಾಳಿ ಕೀಲಿ ಕೈಯಾಗ ಹಿಡ್ಕೊಂಡು ಬಾಗಲ ದೂಡಿದ.

ಒಳಗ ಒಂದು ಕಂದು ಬಣ್ಣದ ಬೀದಿ ನಾಯಿ ಕಾಲು ಚಾಚಿ ಮಲಗಿತ್ತು, ಮದುವಿ ಮನಿಗೆ ಬಂದ ಬೀಗತಿಯಂಗ. ಹೊಟ್ಟಿಗೆ ಆರು ಮರಿ. ಅವಕ್ಕ ಹಾಸಿಗಿ ಅಂದ್ರ ಎಮ್ಮಿ ಕತಿ, ಗಿಳಿ ಕತಿ, ಒಂಟಿ ಕತಿ, ಎಲ್ಲಾ ಝೆರಾಕ್ಸ್. ಬಾಜೂಕ ಲೋಟ, ತತ್ತಿ ಸಿಪ್ಪಿ, ಅರ್ಧಾ ಚಪಾತಿ. ಕೆಳಗಿನ ಸಾಲಿನ ಪುಸ್ತಕದ ಮೂಲಿ ಎಲ್ಲಾ ಯಾರೋ ಜಗದು ನೋಡಿದ್ರು.

"ಮನ್ಯಾಗ ಈ ರೂಮಿನ ಇನ್ನೊಂದು ಕೀಲಿಕೈ ಗ್ವಾಡಿಗೆ ತೂಗಹಾಕಿದ್ರಿ ಪಪ್ಪಾ," ಅಂದ್ಲು ಪೂರ್ವಿ, ಅಪ್ಪ ರಾಮಕೃಷ್ಣನ ಕಡೆ ನೋಡಿ. "ಹೋದ ಸೋಮವಾರ ಇಕಿ ಗೇಟಿನ ಹೊರಗ ಮಳ್ಯಾಗ ಕುಂತಿದ್ಲು."

ದುಃಖ ಇಲ್ಲ, ಏನಿಲ್ಲ. ವಾರಪೂರ್ತಿ ಹನ್ನೊಂದು ಹುಡುಗ್ರ ಹಾಲು ಚಪಾತಿ ಈ ಬಾಣಂತಿ ಹೊಟ್ಟಿಗೆ ಹೋಗಿತ್ತು.

ಚಂದ್ರಕಾಂತನ ಮಾರಿ ಕೆಂಪಾತು. "ನನ್ನ ಪುಸ್ತಕಾ," ಅಂದ. "ರಾಮಕೃಷ್ಣ, ಮೊದಲ ಇದನ್ನ ಹೊರಗ ಹಾಕ್ರಿ. ಹಾಕಿ, ಬಾಗಲಕ್ಕ..."

"ಅಜ್ಜಾರ," ಅಂದ್ಲು ಪೂರ್ವಿ ಸಣ್ಣ ದನೀಲೆ, "ನಿಮ್ಮ ಕೈಯಾಗ ಇರೋದು ಏನ್ರಿ?"

ಅವ ಕೈ ನೋಡ್ಕೊಂಡ. ಕೀಲಿ.

ಹಿಂದ ನಿಂತ ಇಪ್ಪತ್ತು ಮಂದೀನೂ ನೋಡಿದ್ರು. ಹತ್ತು ನಿಮಿಷದ ಹಿಂದ ಇಂಥಾದ್ದ ಒಂದು ಕೀಲಿ ಸಲುವಾಗಿ ಅತ್ತ ಕಣ್ಣು ಇನ್ನೂ ಆರಿರಲಿಲ್ಲ. ಹೊರಗ ಸಣ್ಣಗ ಹನಿ ಬೀಳಾಕತ್ತಿದ್ವು, ಮಳಿಗೂ ಅವತ್ತ ಬರಬೇಕೇನು.

"ಬಾಣಂತಿ ಹೊರಗ ಹಾಕಿ ಕೀಲಿ ಹಾಕತೀರೇನ್ರಿ," ಅಂದ್ರು ಪಾರ್ವತಿಬಾಯಿ. "ಆ ಗಾಣದವನಿಗೂ ನಿಮಗೂ ಏನು ಫರಕ?" ಅಂತಂದು, ಚಂದ್ರಕಾಂತನ್ನ ಬಾಜೂಕ ಸರಿಸಿ, ಒಳಗ ಹೋಗಿ ಥರ್ಮಾಸಿನ ಬಿಸಿ ಹಾಲು ಲೋಟಕ್ಕ ಸುರವಿದ್ರು.

ಅಸೋಸಿಯೇಶನ್ ಅಲ್ಲೇ ನಿಂತ ಕಾಲಮ್ಯಾಲೆ ಠರಾವು ಮಾಡಿತು. ಮರಿ ದೊಡ್ಡವಾಗೋ ತನಕ ರೂಮು ನಾಯಿಗೆ. ಕೀಲಿಕೈ ಪೂರ್ವಿ ಕೊರಳಾಗ. ಜುಂಬಾ ಟೀಚರ್ ಕಣ್ಣು ಒರಸ್ಕೋತ ಸ್ಪೀಕರ್ ಎತ್ತಿಕೊಂಡು ಹೋದ್ಲು. ಮುಂದಿನ ಐತವಾರ ಚಂದ್ರಕಾಂತ ಮೆಟ್ಟಲಮ್ಯಾಲೆ ಚಾಪಿ ಹಾಸಿ ಒಂಟಿ ಕತಿ ಹಿಡ್ಕೊಂಡು ಒಂದು ತಾಸು ಕುಂತ. ಒಂದು ಹುಡುಗನೂ ಬರಲಿಲ್ಲ. ಎಲ್ಲಾ ರೂಮಿನ್ಯಾಗ, ಮರಿಗಳ ಮುಂದ ಕುಂತು ಬಂಟ್ಯಾನ ಕತಿ ಕನ್ನಡದಾಗ ಗಟ್ಟಿಯಾಗಿ ಓದಾಕತ್ತಿದ್ವು.

ನಾಯಿ ಸಿಕ್ಕ ಐತವಾರ ರಾತ್ರಿ ಊಟಕ್ಕ ಕುಂತಾಗ ನಳಿನಿ ಎಣಗಾಯಿ ಬಡಿಸ್ಕೋತ ಏನಂದ್ಲು ಗೊತ್ತೈತೇನು? "ಒಂದು ನಾಯಿ ಬದುಕಿಸ್ರಿ ಅಂದ್ರ ಒಲ್ಲೆ ಅಂದ್ರಿ. ಈಗ ಏಳು ಬದುಕಿಸಿ ಬಂದ್ರಿ." ಅವ ಎರಡು ಲೋಟ ನೀರು ಕುಡದ. ಪಲ್ಲ್ಯಾ ಭಾಳ ಖಾರ ಇತ್ತು.

ಆತು ನೋಡ್ರಿ. ನೆನಪು ಕಲಸೈತಿ ಅಂದವ ಎಲ್ಲಿದ್ರೂ ಕೇಳಲಿ, ಒಂದು ಎಳಿ ಬಿಟ್ಟಿಲ್ಲ ನಾ. ಈಗ ನೀವು ಒಂದು ಕೆಲಸಾ ಮಾಡ್ರಿ. ಇದನ್ನ ನಿಮ್ಮ ಎಲ್ಲಾ ಗ್ರೂಪಿಗೂ ಮುಂದ ಕಳಸ್ರಿ, ಕೂಕಟ್‌ಪಲ್ಲಿ ಕಡೆಯವರಿಗೂ ಕಳಸ್ರಿ. ಕತಿ ಬದಲು ಮಾಡಬ್ಯಾಡ್ರಿ, ಬಂಟ್ಯಾನ್ನ ಸಾಯಾಕ ಬಿಡ್ರಿ. ಕೇಳಿ ಯಾರಿಗರ ಕಣ್ಣಾಗ ನೀರು ಬಂತಂದ್ರ ಅವರ ಮನಿ ವಿಳಾಸ ಹಿಡದು ನನಗ ತಿಳಸ್ರಿ. ನಾಲ್ಕು ಮರಿ ಸಾಕೋರ ಮನಿಗೆ ಹೋಗ್ಯಾವ, ಇನ್ನೂ ಎರಡು ಉಳದಾವ. ಚಂದ್ರಕಾಂತಗ ಅವನ ರೂಮು ಬೇಕಾಗೈತಿ.