ಟರ್ಬೊ ಸೀಟಿ ಮತ್ತು ಹಸಿ ಬೇಳೆಯ ಕುರಿತು

ಎಂಜಿನ್ ಉಸಿರಾಟ ನಿಯಂತ್ರಣ ಇಲಾಖೆ
ವಿಭಾಗೀಯ ಕಚೇರಿ, ಸಪ್ತಾಪುರ, ಧಾರವಾಡ

ಸಂಖ್ಯೆ: ಎಂಉನಿ/ಗಾಳಿ/ಸೀಟಿ/ಬೇಳೆ-೩

ಸುತ್ತೋಲೆ

ವಿಷಯ: ತಾನಾಗಿಯೇ ಉಸಿರಾಡುವ ಟ್ರ್ಯಾಕ್ಟರ್ ಎಂಜಿನ್‌ಗೆ ಟರ್ಬೊ ಕೂಡಿಸಿ ಹೆಚ್ಚುವರಿ ಗಾಳಿ ಕುಡಿಸುವ ಬಗ್ಗೆ.

ಉಲ್ಲೇಖ: (೧) ಗರಗದ ಶ್ರೀಮತಿ ಉಡಚವ್ವ ಅವರ ದೂರು. (೨) ಸದರಿ ದೂರಿನ ಮೇಲೆ ಸದರಿ ಉಡಚವ್ವ ಅವರೇ ನೀಡಿದ ದೂರು.

ಗರಗದ ರೈತ ಶ್ರೀ ಮಹಾದೇವಪ್ಪ ಅವರು ತಮ್ಮ ಹಳೆಯ ಟ್ರ್ಯಾಕ್ಟರ್ ಎರೆ ಹೊಲದಲ್ಲಿ ಏದುಸಿರು ಬಿಡುವುದನ್ನು ನೋಡಲಾರದೆ, ಹುಬ್ಬಳ್ಳಿಯ ಮೆಕ್ಯಾನಿಕ್ ಶ್ರೀ ಗೌಸಸಾಬ ಅವರಿಂದ ಗುಜರಿ ಲಾರಿಯ ಟರ್ಬೊ ಹಾಕಿಸಿಕೊಂಡಿರುತ್ತಾರೆ. ಎಂಜಿನ್ ಬಿಡುವ ಹೊಗೆ ಒಂದು ಚಕ್ರವನ್ನು ತಿರುಗಿಸಿ, ಅದು ಗಾಳಿಯನ್ನು ಒಳಗೆ ತುರುಕುತ್ತದೆಂದು ವರದಿಯಾಗಿದೆ. ಟ್ರ್ಯಾಕ್ಟರ್‌ಗೆ ಪ್ರಾಯ ಮರಳಿದೆ. ಜೊತೆಗೆ ಸೀಟಿ ಹೊಡೆಯುವ ಚಾಳಿಯೂ ಅಂಟಿದೆ.

ಸೀಟಿ ಎಣಿಸಿ ಬೇಳೆ ಬೇಯಿಸುವ ಅವರ ಪತ್ನಿ ಉಡಚವ್ವ ಅವರ ಹೇಳಿಕೆ: “ಮೂರು ಸೀಟಿಗೆ ಬ್ಯಾಳಿ ಕುದಿತೈತ್ರಿ. ಎರಡು ಕುಕ್ಕರಿಂದು, ಮೂರನೇದ್ದು ನಮ್ಮ ಮನಿಯವರದು. ಹಸಿ ಬ್ಯಾಳಿ ಉಂಡು ಮತ್ತ ನನಗ ಬೈತಾರ್ರಿ.” ಇದರ ಮೇರೆಗೆ ಅಧೀಕ್ಷಕ ಶ್ರೀ ರಾಜಶೇಖರ ಅವರು ಟ್ರ್ಯಾಕ್ಟರನ್ನು ಜಪ್ತಿ ಮಾಡಿರುತ್ತಾರೆ. ಬಿತ್ತನೆಗೆ ಬೇಕಾದ ಮಣ್ಣಿನ ಹದ ಅದೇ ವಾರ ಬಂದಿರುತ್ತದೆ. ಹದವು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

೧. ಪ್ರತಿ ಎಂಜಿನ್ ಊರಿನ ಗಾಳಿಯಲ್ಲಿ ತನ್ನ ಪಾಲನ್ನಷ್ಟೇ ಸೇವಿಸತಕ್ಕದ್ದು. ಪಕ್ಕದ ಹೊಲದ ಗಾಳಿ ಬೇಕಾದಲ್ಲಿ ಆ ಹೊಲದವರ ಒಪ್ಪಿಗೆ ಪತ್ರ ಲಗತ್ತಿಸುವುದು.

೨. ಗಾಳಿ ಹೆಚ್ಚಿಸಿ ಡೀಸೆಲ್ ಹೆಚ್ಚಿಸದವರನ್ನು ಬರೀ ಸೀಟಿಗೆ ಖರ್ಚು ಮಾಡಿದವರೆಂದು ಪರಿಗಣಿಸಲಾಗುವುದು. ಎರಡನ್ನೂ ಮಿತಿಮೀರಿ ಹೆಚ್ಚಿಸಿ ಎಂಜಿನ್ ಸುಟ್ಟುಕೊಂಡವರಿಗೆ ಇಲಾಖೆಯಿಂದ ಒಂದು ಜೊತೆ ಎತ್ತುಗಳ ಭಾವಚಿತ್ರ ನೀಡಲಾಗುವುದು.

೩. ಅಡುಗೆಯ ವೇಳೆ ಮನೆ ಸಮೀಪಿಸುವ ಟ್ರ್ಯಾಕ್ಟರ್, ಸೀಟಿಯ ನಂತರ ಒಮ್ಮೆ ಹಾರ್ನ್ ಹೊಡೆದು, ಸದರಿ ಸೀಟಿ ಬೇಳೆಗೆ ಸಂಬಂಧಿಸಿದ್ದಲ್ಲವೆಂದು ದೃಢೀಕರಿಸುವುದು. ಕುಕ್ಕರ್‌ಗಳಿಗೆ ಹಾರ್ನ್ ಕಡ್ಡಾಯವಲ್ಲ.

೪. ದುಡಿದು ಬಂದ ಟರ್ಬೊ ಎಂಜಿನನ್ನು ತಟ್ಟನೆ ಬಂದ್ ಮಾಡದೆ, ತಣಿಯುವವರೆಗೆ ಮೆಲ್ಲಗೆ ಓಡಲು ಬಿಡುವುದು. ಆ ಅವಧಿಯಲ್ಲಿ ಮಾಲೀಕರು ಟ್ರ್ಯಾಕ್ಟರ್ ಮೇಲೆಯೇ ಕುಳಿತು ಹೆಂಡತಿ ಹೇಳಿದ್ದನ್ನು ಕೇಳತಕ್ಕದ್ದು. ಸದ್ದಿಗೆ ಕೇಳಿಸಲಿಲ್ಲವೆಂಬ ಮನವಿಯನ್ನು ಪುರಸ್ಕರಿಸಲಾಗುವುದಿಲ್ಲ.

೫. ಉಲ್ಲೇಖ (೨)ರ ಸಂಬಂಧ ಉಡಚವ್ವ ಅವರು ಬುತ್ತಿಸಮೇತ ಕಚೇರಿಗೆ ಹಾಜರಾಗಿ, “ಬ್ಯಾಳಿ ನಾಳೆನೂ ಕುದಿತೈತ್ರಿ ಸಾಹೇಬ್ರ. ಹದಾ ನಾಳೆ ಇರಂಗಿಲ್ಲ. ಗಾಡಿ ಬಿಡ್ರಿ” ಎಂದಿರುತ್ತಾರೆ. ಶ್ರೀ ರಾಜಶೇಖರ ಅವರೂ ಒಕ್ಕಲುತನದ ಮನೆಯವರು; ಅವರು ಎದ್ದು ಕಿಟಕಿಯಿಂದ ಮೋಡ ನೋಡಿದ್ದು ಕಡತದಲ್ಲಿ ದಾಖಲಾಗಿಲ್ಲ. ಆದರೆ ಜಪ್ತಿ ಮಾಡಿದ್ದನ್ನು ಬಿಡುವ ಅಧಿಕಾರ ಅವರಿಗಿಲ್ಲ. ತಪಾಸಣೆಗಾಗಿ ಎಂಜಿನ್ ಚಾಲೂ ಮಾಡಿಸಿ, ಟರ್ಬೊದ ಬಾಯಿಯ ಬಳಿ ನಿಂತು ಅವರು ಜಪ್ತಿ ಆದೇಶವನ್ನು ಗಟ್ಟಿಯಾಗಿ ಓದುತ್ತಿರುವಾಗ, ಟರ್ಬೊ ಆ ಆದೇಶವನ್ನು ಒಳಗೆಳೆದುಕೊಂಡು ಹೊಗೆಯಾಗಿ ಹೊರಬಿಟ್ಟಿರುತ್ತದೆ. ಗಾಳಿ ಸೋಸುವ ಡಬ್ಬಿಯನ್ನು ಯಾರು ಬಿಚ್ಚಿದರೆಂದು ತಿಳಿದುಬಂದಿಲ್ಲ. ಅಧೀಕ್ಷಕರ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇದ್ದುದು ಕೇವಲ ಆಕಸ್ಮಿಕ. ಗೌಸಸಾಬ ಅವರು ಪರೀಕ್ಷಿಸಿ, “ಟರ್ಬೊಕ್ಕ ಏನೂ ಆಗಿಲ್ರಿ. ಸರ್ಕಾರಿ ಹಾಳಿ, ಭಾಳ ತೆಳ್ಳಗಿತ್ತು” ಎಂದು ಪ್ರಮಾಣೀಕರಿಸಿರುತ್ತಾರೆ.

೬. ಆದೇಶವೇ ಇಲ್ಲದಿರುವುದರಿಂದ ಜಪ್ತಿಯೂ ಆಗಿರುವುದಿಲ್ಲ. ಜಪ್ತಿಯಾಗದ ಟ್ರ್ಯಾಕ್ಟರ್ ಕಚೇರಿಯ ಆವರಣದಲ್ಲಿ ನಿಂತಿರುವುದು ಶುದ್ಧ ಅತಿಕ್ರಮಣ. ಆದ್ದರಿಂದ ಅದು ಈ ಕೂಡಲೇ ಇಲ್ಲಿಂದ ತೊಲಗಿ, ಹೊಲಕ್ಕೆ ಹೋಗಿ ಬಿತ್ತತಕ್ಕದ್ದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

ಸಹಿ/-
(ರಾಜಶೇಖರ)
ಅಧೀಕ್ಷಕರು

ಪ್ರತಿಗಳು:
೧. ಶ್ರೀ ಮಹಾದೇವಪ್ಪ, ಗರಗ: ಬಿತ್ತನೆಯಲ್ಲಿರುವುದರಿಂದ, ಬದುವಿನ ಮೇಲೆ ಕಲ್ಲಿಟ್ಟು ಜಾರಿ ಮಾಡುವುದು.
೨. ಕಚೇರಿ ಪ್ರತಿ: ಟರ್ಬೊಗೆ ಎಟುಕದಂತೆ ಇಡುವುದು.
೩. ಶ್ರೀಮತಿ ಉಡಚವ್ವ, ಗರಗ: ಬುತ್ತಿಯ ಡಬ್ಬಿಯನ್ನು ತೊಳೆದು ಲಗತ್ತಿಸಿದೆ. ಬೇಳೆ ಬೆಂದಿತ್ತು.