‘ನೀವು ಮೊದಲು ಹೋಗಿ’ ಎನ್ನುವುದನ್ನು ನಿಷೇಧಿಸಿರುವ ಬಗ್ಗೆ

ವಿಕಿರಣ ಚಿಕಿತ್ಸಾ ವಿಭಾಗ, ನೆಲಮಾಳಿಗೆ
(ಮೆಟ್ಟಿಲಿಳಿದು ಎಡಕ್ಕೆ, ಶೌಚಾಲಯ ಬಲಕ್ಕೆ)

ಸಂಖ್ಯೆ: ವಿಚಿವಿ/ಕಾಯುವ ಕೋಣೆ/ಕುರ್ಚಿ-3/19+14
ದಿನ: ಶುಕ್ರವಾರ

ವಿಷಯ: ಕಾಯುವ ಕೋಣೆಯಲ್ಲಿ ಮಿತಿಮೀರಿದ ಸೌಜನ್ಯವನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
1. ಮಂಗಳವಾರ ಬೆಳಿಗ್ಗೆ 9.40ರ ಘಟನೆ.
2. ನಿವೃತ್ತ ಬಸ್ ಚಾಲಕರ (ಇನ್ನು ಮುಂದೆ ‘ಡ್ರೈವರಣ್ಣ’) ಪತ್ನಿಯವರ ದೂರವಾಣಿ ಕರೆ.
3. ನೆಲ ಒರೆಸುವ ಅಕ್ಕನವರ ಮೌಖಿಕ ವರದಿ.

ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಬಳಿಕವೂ ಕ್ಯಾನ್ಸರ್‌ನ ಚೂರುಪಾರು ಉಳಿದಿರುವ ಶಂಕೆಯಿದ್ದವರಿಗೆ ಈ ವಿಭಾಗದಲ್ಲಿ ವಾರಕ್ಕೆ ಐದು ದಿನದಂತೆ ಒಟ್ಟು ಮೂವತ್ತಮೂರು ಬಾರಿ ವಿಕಿರಣ ನೀಡಲಾಗುತ್ತಿದೆ. ಕಿರಣ ತಾಗಬಾರದ ಭಾಗಗಳು ದೂರ ಸರಿದಿರಲೆಂದು, ಪ್ರತಿ ಬಾರಿಯೂ ಮುಕ್ಕಾಲು ಗಂಟೆ ಮುಂಚೆ ಎರಡು ದೊಡ್ಡ ಲೋಟ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡಿರತಕ್ಕದ್ದು. ಶಸ್ತ್ರಚಿಕಿತ್ಸೆಯಾದವರಿಗೆ ಕುಡಿಯುವುದು ಸುಲಭ, ಹಿಡಿದಿಟ್ಟುಕೊಳ್ಳುವುದು ಕಷ್ಟ ಎಂಬುದನ್ನು ವಿಭಾಗವು ಬಲ್ಲದು. ಯಂತ್ರವು ಅರಿಯದು.

ಮಂಗಳವಾರ ತಂತ್ರಜ್ಞೆಯವರು “ಮುಂದಿನವರು ಬನ್ನಿ” ಎಂದು ಕರೆದಾಗ ಸರದಿ ಡ್ರೈವರಣ್ಣನವರದಾಗಿತ್ತು. ಅವರು ಪಕ್ಕದ ಕುರ್ಚಿಯ ನಿವೃತ್ತ ಹೆಡ್‌ಮೇಷ್ಟ್ರನ್ನು ನೋಡಿ, “ಮೇಷ್ಟ್ರೇ, ನಿಮ್ಮ ಮುಖ ನೋಡೋಕಾಗ್ತಿಲ್ಲ, ನೀವು ಮೊದಲು ಹೋಗಿ” ಎಂದರು. ಮೇಷ್ಟ್ರು, “ಛೆ ಛೆ, ಸರದಿ ಅಂದ್ರೆ ಸರದಿ. ಬೇಕಾದ್ರೆ ಟೈಲರ್ ಹೋಗ್ಲಿ” ಎಂದರು. ಟೈಲರ್, “ಹಿರಿಯರು ಕೂತಿರುವಾಗ ನಾನು ಏಳೋದಾ?” ಎಂದರು. ಸದರಿ ವಿನಯವು ಹನ್ನೊಂದು ನಿಮಿಷ ನಡೆಯಿತು. ಹನ್ನೆರಡನೆಯ ನಿಮಿಷದಲ್ಲಿ ಡ್ರೈವರಣ್ಣನವರ ಮೂತ್ರಕೋಶವು ಯಾರ ಅನುಮೋದನೆಗೂ ಕಾಯದೆ ಸ್ವಯಂ ನಿರ್ಧಾರ ಕೈಗೊಂಡಿತು.

ಅವರು ಎದ್ದು ಮೆಟ್ಟಿಲು ಹತ್ತಿ ಹೋದರು. ಬುಧವಾರ ಬಂದಿಲ್ಲ, ಗುರುವಾರ ಬಂದಿಲ್ಲ, ಇಂದೂ ಬಂದಿಲ್ಲ. ಹತ್ತೊಂಬತ್ತು ಬಾರಿ ಮುಗಿದಿದ್ದು, ಹದಿನಾಲ್ಕು ಉಳಿದಿದೆ. ಇಲ್ಲಿಗೇ ಬಿಟ್ಟರೆ ಆ ಹತ್ತೊಂಬತ್ತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ವೈದ್ಯರು ಅಭಿಪ್ರಾಯಪಟ್ಟಿರುತ್ತಾರೆ. ಪತ್ನಿಯವರ ಹೇಳಿಕೆ: “ಮೂವತ್ತು ವರ್ಷ ಬಸ್ ಓಡಿಸಿದೋರು, ಸ್ಟಾಪ್ ಬರೋಕೆ ಮುಂಚೆ ಒಂದಿನಾನೂ ನಿಲ್ಸಿದೋರಲ್ಲ. ಈಗ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ದಾರೆ. ಇನ್ನು ಬರಲ್ವಂತೆ.”

ಆದ್ದರಿಂದ ಎಲ್ಲ ಕುರ್ಚಿಗಳ ಗಮನಕ್ಕೆ ಈ ಮೂಲಕ ಸೂಚಿಸಲಾಗಿದೆ:

1. ‘ನೀವು ಮೊದಲು ಹೋಗಿ’, ‘ಪರವಾಗಿಲ್ಲ, ನಿಮ್ಮದಾಗಲಿ’, ‘ಹಿರಿಯರು ನೀವು’ ಎಂಬ ಮಾತುಗಳನ್ನು ಬಾಗಿಲಲ್ಲೇ ಚಪ್ಪಲಿಯ ಜೊತೆ ಬಿಟ್ಟು ಬರತಕ್ಕದ್ದು. ಸೌಜನ್ಯ ತಡೆಯಲಾಗದವರು ಯಂತ್ರದಿಂದ ಇಳಿದು, ಶೌಚಾಲಯಕ್ಕೆ ಹೋಗಿಬಂದ ನಂತರ ಅದನ್ನು ತೋರಿಸಬಹುದು.

2. ಹುಬ್ಬಿನಿಂದಾಗಲಿ ಅಂಗೈಯಿಂದಾಗಲಿ ದಾರಿ ತೋರಿಸುವುದನ್ನೂ ಸೌಜನ್ಯವೆಂದೇ ಪರಿಗಣಿಸಲಾಗುವುದು.

3. ತುಂಬಿದ ಮೂತ್ರಕೋಶಗಳ ಸಮ್ಮುಖದಲ್ಲಿ ಯಾರೂ ನಗೆಹನಿ ಹೇಳತಕ್ಕದ್ದಲ್ಲ. ಟೈಲರ್ ಅವರಿಗೆ ವಿನಾಯಿತಿ ಇದೆ. ಅವರ ನಗೆಹನಿಗೆ ಈವರೆಗೆ ಯಾರೂ ನಕ್ಕ ದಾಖಲೆಯಿಲ್ಲ.

4. ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿಯನ್ನು ಪ್ರಚೋದನೆಯ ಆರೋಪದ ಮೇಲೆ ಅಮಾನತುಗೊಳಿಸಿ, ಬಾಯಿಗೆ ಬಟ್ಟೆ ಕಟ್ಟಲಾಗಿದೆ.

5. ಚಿಕಿತ್ಸೆ ಪಡೆದವರ ಮೈಯಿಂದ ಕಿರಣ ಹೊಮ್ಮುವುದಿಲ್ಲ. ಮೊಮ್ಮಕ್ಕಳನ್ನು ಧಾರಾಳವಾಗಿ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಕತ್ತಲಲ್ಲಿ ತಾವು ಹೊಳೆಯುತ್ತೀರೋ ಎಂದು ಪರೀಕ್ಷಿಸಲು ಮನೆಯ ಬಲ್ಬ್ ಕಳಚಿದ ಹೆಡ್‌ಮೇಷ್ಟ್ರು ಅದನ್ನು ಮರಳಿ ಹಾಕತಕ್ಕದ್ದು.

6. ಮೂರನೇ ಕುರ್ಚಿ ಖಾಲಿಯಾದಂದಿನಿಂದ ಗಡಿಯಾರದ ಸದ್ದು ಹೆಚ್ಚಾಗಿದೆಯೆಂಬ ದೂರು ಬಂದಿದೆ. ಅದು ಮೊದಲೂ ಅಷ್ಟೇ ಸದ್ದು ಮಾಡುತ್ತಿತ್ತೆಂದು ತನಿಖೆಯಿಂದ ತಿಳಿದುಬಂದಿರುವುದರಿಂದ ಗಡಿಯಾರದ ಮೇಲೆ ಕ್ರಮವಿಲ್ಲ. ಸದರಿ ಕುರ್ಚಿಯಲ್ಲಿ ಯಾರೂ ಕೂರತಕ್ಕದ್ದಲ್ಲ, ಚೀಲವನ್ನೂ ಇಡತಕ್ಕದ್ದಲ್ಲ.

7. ‘ನನಗೊಬ್ಬನಿಗೇ ಹೀಗಾಯಿತು’ ಎಂಬ ಡ್ರೈವರಣ್ಣನವರ ನಿಲುವನ್ನು ಪರಿಶೀಲಿಸಲಾಯಿತು. ಸಾಲಿನ ಉಳಿದ ಐವರಲ್ಲಿ ನಾಲ್ವರು, ಅವರಿಗೆ ತಿಳಿಸಲು ಅಡ್ಡಿಯಿಲ್ಲವೆಂದು ಹೇಳಿ, ತಮಗೂ ಆಗಿದೆಯೆಂದು ಬರೆದುಕೊಟ್ಟಿದ್ದಾರೆ (ಟೈಲರ್: ಲಿಫ್ಟಿನಲ್ಲಿ, ಮತ್ತೊಬ್ಬರು: ಬೀಗರ ಮನೆಯ ಸೋಫಾದ ಮೇಲೆ). ಹೆಡ್‌ಮೇಷ್ಟ್ರು ಮಾತ್ರ ಹಿಂದೊಮ್ಮೆ ತಮ್ಮ ಕುರ್ಚಿಯ ಕೆಳಗೆ ಕಂಡ ಒದ್ದೆಯ ಬಗ್ಗೆ “ಅದು ಲೋಟದ ನೀರು ಚೆಲ್ಲಿದ್ದು ಕಣ್ರೀ” ಎಂದಿದ್ದರು. ಆ ಹೊತ್ತಿನಲ್ಲಿ ಲೋಟವು ಕಪಾಟಿನಲ್ಲಿತ್ತು. ಹೇಳಿಕೆಯನ್ನು ತಿರಸ್ಕರಿಸಿ ಅವರನ್ನೂ ಪಟ್ಟಿಗೆ ಸೇರಿಸಲಾಗಿದೆ. ಒಟ್ಟು ಆರಕ್ಕೆ ಆರು.

8. ನೆಲ ಒರೆಸುವ ಅಕ್ಕನವರ ವರದಿಯನ್ನು ಯಥಾವತ್ತಾಗಿ ಅಂಗೀಕರಿಸಲಾಗಿದೆ: “ಎರಡು ನಿಮಿಷದ ಕೆಲ್ಸ. ಅಷ್ಟಕ್ಕೆ ಮೂರು ದಿನ ಮುಖ ಮುಚ್ಕೊಂಡು ಕೂರೋದಾ? ಬರೋಕೆ ಹೇಳಿ ಆ ಅಣ್ಣಂಗೆ.”

9. ಟೈಲರ್ ಅವರು ಎರಡು ದಿನ ಕೂತು ಆರು ಕಪ್ಪು ಪ್ಯಾಂಟ್ ಹೊಲಿದಿದ್ದಾರೆ. ಡ್ರೈವರಣ್ಣನವರದ್ದು ಕಣ್ಣಳತೆಯದು. ಸೋಮವಾರದಿಂದ ಆರೂ ಮಂದಿ ಇದನ್ನೇ ಧರಿಸತಕ್ಕದ್ದು. ಕಪ್ಪು ಬಟ್ಟೆಯಲ್ಲಿ ಒದ್ದೆ ಕಾಣುವುದಿಲ್ಲ. ಕಂಡಲ್ಲಿ, ಕಾಣಲಿಲ್ಲವೆಂದು ಪರಿಭಾವಿಸತಕ್ಕದ್ದು.

10. ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಿಕೊಡಲು ವೈದ್ಯರು ಒಪ್ಪಿದ್ದಾರೆ. ಸ್ಟಾಪ್ ಇನ್ನೂ ಬಂದಿಲ್ಲವೆಂದು ಸಂಬಂಧಪಟ್ಟವರಿಗೆ ನೆನಪಿಸಲಾಗಿದೆ.

ಸಹಿ/-
ವಿಭಾಗಾಧಿಕಾರಿ
(ಹೋದ ವರ್ಷ, ನಾಲ್ಕನೇ ಕುರ್ಚಿ)

ಪ್ರತಿಗಳು:
1. ತಂತ್ರಜ್ಞೆಯವರಿಗೆ: ಇನ್ನು ‘ಮುಂದಿನವರು’ ಎನ್ನದೆ, ಇಂಥವರೇ ಎಂದು ಬೆರಳು ತೋರಿಸಿ ಕರೆಯಲು.
2. ನಲ್ಲಿ ರಿಪೇರಿಯವರಿಗೆ: ನಾಲ್ಕನೇ ನೆನಪೋಲೆ.
3. ಬೀಗರ ಮನೆಗೆ: ಕಳುಹಿಸಿಲ್ಲ.
4. ಡ್ರೈವರಣ್ಣನವರಿಗೆ: ಪತ್ನಿಯವರ ಮೂಲಕ, ಗೋಡೆ ಕಡೆ ತಿರುಗಿದ್ದರೂ ಕೇಳಿಸುವಷ್ಟು ಜೋರಾಗಿ ಓದಿ ಹೇಳಲು. ಲಗತ್ತು: ಪ್ಯಾಂಟ್ ಒಂದು.
5. ಕಚೇರಿ ಪ್ರತಿ.

(ಕಚೇರಿ ಪ್ರತಿಯ ಅಂಚಿನಲ್ಲಿ, ಸೋಮವಾರ 9.40ಕ್ಕೆ, ಪೆನ್ಸಿಲ್‌ನಲ್ಲಿ: “ಓದಿದೆ. ಸೊಂಟ ಸ್ವಲ್ಪ ಸಡಿಲ. ನೀರು ಕುಡಿದಾಗಿದೆ, ದಾರಿ ಬಿಡಿ. – ಮೂರನೇ ಕುರ್ಚಿ”)